ಏಳು ಟೊಪ್ಪಿಗೆ, ಒಬ್ಬ ಗಾಯಕ

ಜಮೀರನ ಹಿಂದೆ ನಿಲ್ಲಲು ಒಬ್ಬ ಮನುಷ್ಯನೂ ಇರಲಿಲ್ಲ. ಇದನ್ನು ಅವನು ಹಟ ಹಿಡಿದು ಸಂಪಾದಿಸಿದ್ದ.

ನಾಲ್ಕು ವರ್ಷ ಅವನು ಗಡಿಯಾಚೆ, ಸಾಂಗ್ಲಿ ಕಡೆಯ ಡಫಳಾಪುರದಲ್ಲಿ ಸೋದರಮಾವ ಉಸ್ಮಾನನ ಬೆಂಜೋ ಪಾರ್ಟಿಯಲ್ಲಿ ಗಿಟಾರು ಬಾರಿಸಿ ಹಾಡಿದ್ದ. ಎಂಟು ಜನರ ಪಾರ್ಟಿ. ಎಲ್ಲರಿಗೂ ಕೆಂಪು ಕೋಟು, ಭುಜಕ್ಕೆ ಹಳದಿ ಗೊಂಡೆ. ಮದುವೆ ಮೆರವಣಿಗೆಯಲ್ಲಿ ಟೆಂಪೋ ಮೇಲೆ ನಿಂತು ಬಾರಿಸುವುದು ಕೆಲಸ. ಹಾಡು ಯಾವುದೇ ಇರಲಿ, ತಗಡಿನ ಡಬ್ಬದಲ್ಲಿ ಪುಟಾಣಿ ಹಾಕಿ ಅಲ್ಲಾಡಿಸಿದಂಥ ಒಂದೇ ಸದ್ದು. ಆದರೆ ಜಮೀರ ಸಾಂಗ್ಲಿಯಲ್ಲಿ ಐಟಿಐ ಓದುವಾಗ ಹಾಸ್ಟೆಲಿನ ಮಂಚದ ಮೇಲೆ ಮಲಗಿ ಮೊಬೈಲಿನಲ್ಲಿ ಸೋಲ್ ಮತ್ತು ಫಂಕ್ ಕೇಳಿ ಕೆಟ್ಟಿದ್ದ. ಅಮೆರಿಕದ ಕಪ್ಪು ಜನರ ಸಂಗೀತ. ಎದೆಯೊಳಗಿನದನ್ನು ಕಿತ್ತು ಹಾಡಿದರೆ ಸೋಲ್. ಮೊದಲ ಪೆಟ್ಟಿನ ಮೇಲೆ ಭಾರ ಹಾಕಿ, ಆಮೇಲೆ ಜಾಗ ಖಾಲಿ ಬಿಟ್ಟು, ಆ ಖಾಲಿಯಿಂದಲೇ ಕೇಳುವವನ ಸೊಂಟ ಅಲ್ಲಾಡಿಸಿದರೆ ಫಂಕ್.

ಉಸ್ಮಾನನಿಗೆ ಇದನ್ನು ವಿವರಿಸಲು ಹೋದದ್ದೇ ತಪ್ಪಾಯಿತು.

"ಖಾಲಿ ಬಿಡಾಕ ನಮ್ಮನ್ನ ಯಾರ ಕರಸ್ತಾರಲೇ?" ಎಂದಿದ್ದ ಉಸ್ಮಾನ. "ಮಂದಿ ಸಪ್ಪಳಕ್ಕ ಕರಸ್ತಾರ."

"ಮಾಮು, ಮಜಾ ಇರೂದ ಆ ಖಾಲಿ ಒಳಗ."

"ಖಾಲಿ ಒಳಗ ಏನೂ ಇರಂಗಿಲ್ಲ. ಅದಕ್ಕ ಅದನ್ನ ಖಾಲಿ ಅಂತಾರ."

ಜಮೀರ ಮರುದಿನ ಕೆಂಪು ಕೋಟನ್ನು ಮಡಿಚಿ ಮಾವನ ಮನೆಯ ಕಟ್ಟೆಯ ಮೇಲಿಟ್ಟು, ಇನ್ನು ನಾನು ಸೋಲೋ ಎಂದು ಹೇಳಿ ಬಂದ. ಅವನ ಅಮ್ಮ ಖುರಷೀದ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, ಸೋಲೋ ಎಂದರೆ ಯಾವ ಊರಲ್ಲಿ ಇರಬೇಕಾಗುತ್ತದೆ ಎಂದು ಕೇಳಿದಳು.

ಅವನ ಧೈರ್ಯಕ್ಕೆ ಕಾರಣ ಪುಣೆ. ಅಲ್ಲಿಯ ಒಂದು ಸಂಗೀತ ಸಂಸ್ಥೆ ಹತ್ತು ಹೊಸ ಗಾಯಕರನ್ನು ಆರಿಸಿಕೊಂಡು, ಒಂದು ವರ್ಷ ಕಲಿಸಿ, ಊರೂರಿಗೆ ಕಾರ್ಯಕ್ರಮಕ್ಕೆ ಕಳಿಸುವುದಿತ್ತು. ನಿಯಮ ಮೂರೇ. ಹಾಡು ಸ್ವಂತದ್ದಿರಬೇಕು. ವೇದಿಕೆಯ ಮೇಲೆ ಒಬ್ಬನೇ ಇರಬೇಕು. ಎದುರಿಗೆ ಜನ ಇರಬೇಕು. ಮೂರು ನಿಮಿಷದ ವಿಡಿಯೋ, ನಡುವೆ ಕತ್ತರಿಸದ್ದು, ಭಾನುವಾರ ಸಂಜೆ ಐದರೊಳಗೆ ತಲುಪಬೇಕು. ಹಾಡು ಇತ್ತು. ಒಬ್ಬನೇ ಇದ್ದ. ಜನ ಮಾತ್ರ ಬೇಕಾಗಿತ್ತು.

ಅಷ್ಟರಲ್ಲಿ ಉಟಗಿಯ ಅಮಸಿದ್ದನ ಫೋನು ಬಂತು. ಅಮಸಿದ್ದ ಕುರಿ ಸಾಕುವ ಮನುಷ್ಯ. ಅವನ ಮಾಡಗ್ಯಾಳ ತಳಿಯ ಟಗರು, ಹೆಸರು ಸರ್ಜಾ, ಅದೇ ಭಾನುವಾರ ಮೂರು ವರ್ಷ ಮುಗಿಸುತ್ತಿತ್ತು. ಬ್ಯಾನರು, ಕೇಕು, ಇನ್ನೂರು ಜನರ ಊಟ. ಹಾಡು ಬೇಕು.

"ಕಾಕಾ, ನಾ ಈಗ ಪಾರ್ಟಿ ಬಿಟ್ಟೀನ್ರಿ. ಒಬ್ಬನ ಬರತೀನಿ."

"ಬಾ, ಬಾ," ಎಂದ ಅಮಸಿದ್ದ. ಹಿಂದಿನಿಂದ ಕುರಿಗಳು ಒದರುತ್ತಿದ್ದವು.

ಭಾನುವಾರ ಜಮೀರ ತಂಗಿ ನಾಹಿದಳನ್ನು ಕರೆದುಕೊಂಡು ಜತ್ತದಲ್ಲಿ ಉಟಗಿಯ ಜೀಪು ಹತ್ತಿದ. ವಿಡಿಯೋ ತೆಗೆಯುವುದು ಅವಳ ಕೆಲಸ. ಒಂಬತ್ತು ಜನರ ಜೀಪಿನಲ್ಲಿ ಹದಿನಾರು ಜನ ಕೂತಿದ್ದರು. ಗಿಟಾರು ಜಮೀರನ ತೊಡೆಯ ಮೇಲೆ, ಹೆತ್ತ ಕೂಸಿನ ಹಾಗೆ. ಪಕ್ಕದವನು ಹಾಲಿನ ಕ್ಯಾನನ್ನು ಅದಕ್ಕೆ ಒರಗಿಸಿದ. ಜಮೀರ ಸರಿಸಿದ. ಅವನು ಮತ್ತೆ ಒರಗಿಸಿದ.

"ಉಳಿದ ಮಂದಿ ಮುಂದಿನ ಗಾಡಿಗೆ ಬರತಾರೇನ?" ಎಂದು ಚಾಲಕ ಕನ್ನಡಿಯಲ್ಲಿ ನೋಡಿ ಕೇಳಿದ.

"ಉಳಿದವರು ಇಲ್ಲ. ನಾ ಒಬ್ಬನ."

ಜೀಪಿನಲ್ಲಿ ಎಲ್ಲರೂ ಅವನ ಕಡೆ ತಿರುಗಿದರು. ಹಾಲಿನವನು ಕ್ಯಾನು ತಾನಾಗಿಯೇ ಸರಿಸಿಕೊಂಡು, "ಜಗಳ ಆತೇನ?" ಎಂದು ಮೆಲ್ಲಗೆ ಕೇಳಿದ. ಅಲ್ಲಿಂದ ಉಟಗಿಯವರೆಗೂ, ಜಗಳವಾಡಿದ ಅಣ್ಣತಮ್ಮಂದಿರು ಹೇಗೆ ಕೂಡಿಕೊಳ್ಳಬೇಕು ಎನ್ನುವುದರ ಮೇಲೆ ಚರ್ಚೆ ನಡೆಯಿತು. ಜಮೀರ ಕಿಟಕಿಯ ಆಚೆ ಜೋಳದ ಹೊಲಗಳನ್ನು ನೋಡುತ್ತ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಮೊದಲ ಪೆಟ್ಟು, ಖಾಲಿ, ಖಾಲಿ.

ಅಮಸಿದ್ದನ ಮನೆಯ ಮುಂದೆ ಬಣ್ಣದ ಮಂಟಪ ಹಾಕಿತ್ತು. ಗೇಟಿನ ಮೇಲೆ ಹನ್ನೆರಡು ಅಡಿಯ ಬ್ಯಾನರು. ಮರಾಠಿಯಲ್ಲಿ ಸರ್ಜಾನಿಗೆ ಹುಟ್ಟುಹಬ್ಬದ ಹಾರ್ದಿಕ ಶುಭಾಶಯ. ಸರ್ಜಾನ ಗಿಣಿಮೂಗಿನ ಮುಖ ನಡುವೆ ದೊಡ್ಡದಾಗಿತ್ತು. ಸುತ್ತಲೂ ಶುಭಾಶಯ ಕೋರಿದ ನಲವತ್ತು ಜನರ ಮುಖಗಳು ಸಣ್ಣವಾಗಿದ್ದವು. ಅವರಲ್ಲಿ ಟಗರಿನಷ್ಟು ಗಂಭೀರವಾಗಿ ಯಾರೂ ಕಾಣುತ್ತಿರಲಿಲ್ಲ.

ಅಮಸಿದ್ದ ತಲೆಗೆ ಹಳದಿ ಪಟಕ ಸುತ್ತಿಕೊಂಡು ಎದುರಿಗೆ ಬಂದ. ಜಮೀರನನ್ನು ನೋಡಲಿಲ್ಲ. ಅವನ ಹಿಂದೆ ನೋಡಿದ.

"ಉಳಿದವರು?"

"ಕಾಕಾ, ಫೋನಿನ್ಯಾಗ ಹೇಳಿದ್ನೆಲ್ರಿ, ಒಬ್ಬನ ಅಂತ."

"ಹೇಳೂದು ಹಂಗ ಹೇಳತಾರಪಾ. ಲಗ್ನಪತ್ರಿಕಾದಾಗೂ ವರ ಒಬ್ಬನ ಇರತಾನ. ಬರೂವಾಗ ಮೂರು ಟೆಂಪೋ ಬರತಾವ." ಅಮಸಿದ್ದನ ಮುಖ ಇಳಿಯಿತು. "ನಾ ಅಂದಾಜಿಲೆ ಏಳು ಮಂದೀದು ತಂದೀನಿ."

ಒಳಗೆ ಹಿತ್ತಾಳೆಯ ಪರಾತದಲ್ಲಿ ಏಳು ಬಿಳಿ ಟೊಪ್ಪಿಗೆ, ಏಳು ಟಾವೆಲು, ಏಳು ತೆಂಗಿನಕಾಯಿ ಸಾಲಾಗಿದ್ದವು. ಕಾಯಿಗಳಿಗೆ ಭಂಡಾರದ ಅರಿಸಿನ ಹಚ್ಚಿತ್ತು. ಈ ಸೀಮೆಯಲ್ಲಿ ಯಾವ ಕಾರ್ಯಕ್ರಮವೂ ಸತ್ಕಾರವಿಲ್ಲದೆ ಶುರುವಾಗುವುದಿಲ್ಲ. ಬಂದವನ ತಲೆಗೆ ಟೊಪ್ಪಿಗೆ, ಹೆಗಲಿಗೆ ಟಾವೆಲು, ಕೈಗೆ ಕಾಯಿ ಕೊಟ್ಟು, ಫೋಟೋ ತೆಗೆದ ಮೇಲೆಯೇ ಅವನು ಬಂದಂತೆ ಲೆಕ್ಕ.

"ಒಂದು ನನಗ ಹಾಕ್ರಿ. ಆರು ವಾಪಸ ಕೊಡ್ರಿ," ಎಂದ ಜಮೀರ.

ಅಮಸಿದ್ದನ ತಾಯಿ ದುಂಡವ್ವ ಕಂಬಕ್ಕೆ ಒರಗಿ ಎಲೆಯಡಿಕೆ ಜಗಿಯುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಬಾಯಿ ಖಾಲಿ ಮಾಡಿಕೊಂಡು ಹೇಳಿದಳು, "ಮುಂಜಾನಿ ಬೀರಪ್ಪನ ಮುಂದ ಇಟ್ಟು ಪೂಜಿ ಮಾಡೇವಿ, ತಮ್ಮಾ. ಹಾಡಾಕ ಬರೂ ಏಳು ಮಂದೀದು ಅಂತ ಬೇಡಕೊಂಡೇವಿ. ದೇವರಿಗೆ ಏಳಂದು ಮನಿಶ್ಯಾಗ ಒಂದಂದ್ರ ನಡೀತದೇನ?"

ನಡೆಯುವುದಿಲ್ಲ ಎಂದು ಅಲ್ಲಿದ್ದ ಹನ್ನೆರಡು ಜನ ಒಂದೇ ಬಾಯಿಯಲ್ಲಿ ಹೇಳಿದರು. ಏಳು ಟೊಪ್ಪಿಗೆ ಏಳು ತಲೆಗೇ ಹೋಗಬೇಕು, ಆ ತಲೆಗಳು ಹಾಡುವವರ ತಲೆಗಳೇ ಆಗಬೇಕು. ದಾರಿ ತೋರಿಸಿದವನು ಮಹಾಂತ. ಅವನು ಸಾಲಿ ಮಾಸ್ತರ. ಊರಿನ ಎಲ್ಲ ಕಾರ್ಯಕ್ರಮಗಳಲ್ಲಿ ಮೈಕು ಅವನ ಕೈಯಲ್ಲೇ ಇರುತ್ತದೆ, ಯಾರೂ ಕೊಡದಿದ್ದರೂ.

"ಆರು ಮಂದಿ ಕಡಿಮಿ ಬಿದ್ದಾರ ಹೌದಲ್ಲೋ? ಊರಾಗ ಮಂದಿ ಏನ ಕಡಿಮಿ ಅದಾರೇನ?"

ಅರ್ಧ ತಾಸಿನೊಳಗೆ ಆರು ಜನ ಸಿಕ್ಕರು. ಡೊಳ್ಳು ಬಾರಿಸುವ ಇಬ್ಬರು ಅಣ್ಣತಮ್ಮಂದಿರು. ಊಟದ ಕಡೆಯಿಂದ ಒಬ್ಬ ಅಡಿಗೆಯವನು, ಸೌಟು ಮತ್ತು ಬುಟ್ಟಿಯಂಥ ಕಬ್ಬಿಣದ ಘಮೇಲಿ ಸಮೇತ. ಭಜನೆಯಲ್ಲಿ ತಾಳ ಹಾಕುವ ಗುರವ್ವ. ಮಂಟಪದ ಸಾಮಾನು ತಂದಿದ್ದ ಟೆಂಪೋದ ಅಸ್ಲಮ್. ಅವನಿಗೆ ಏನೂ ಬಾರಿಸಲು ಬರುತ್ತಿರಲಿಲ್ಲ, ಆದರೆ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದರೆ ಆಚೆ ಊರು ಕರಜಗಿಯವರೆಗೆ ಕೇಳುತ್ತಿತ್ತು. ಆರನೆಯ ಟೊಪ್ಪಿಗೆಯನ್ನು ದುಂಡವ್ವ ತಾನೇ ಎತ್ತಿ ಸೆರಗಿನ ಮೇಲೆ ಇಟ್ಟುಕೊಂಡಳು.

"ಆಯಿ, ನಿಮಗ ಹಾಡಾಕ ಬರತದೇನ್ರಿ?" ಎಂದು ನಾಹಿದ ಕೇಳಿದಳು.

"ಅರವತ್ತು ವರ್ಷ ಕುರಿ ಕರದೀನಿ. ಈಗ ಮಂದೀನ ಕರೀತೀನಿ."

ಜಮೀರ ನಾಹಿದಳ ಕಡೆ ನೋಡಿದ. ಅವಳು ಗಡಿಯಾರದ ಕಡೆ ನೋಡಿದಳು. ಒಂದೂವರೆ.

"ಟೊಪ್ಪಿಗಿ ಹಾಕೊಂಡು ಕೆಳಗ ಕುಂದ್ರಲಿ ಬಿಡು, ಭಾಯ್," ಎಂದಳು. "ಹಾಡೂವಾಗ ನೀ ಒಬ್ಬನ ಮ್ಯಾಲ ಇದ್ರ ಆತು."

ಸತ್ಕಾರ ಎರಡು ಗಂಟೆಗೆ ಶುರುವಾಗಿ ಮೂರೂವರೆಗೆ ಮುಗಿಯಿತು. ಮೊದಲು ಸರ್ಜಾನದ್ದು. ಅವನ ಕೊರಳಿಗೆ ಟಾವೆಲು ಹಾಕಿದರು. ಟೊಪ್ಪಿಗೆ ನಿಲ್ಲಲಿಲ್ಲ, ಅಮಸಿದ್ದ ಕೈಯಲ್ಲಿ ಹಿಡಿದು ನಿಂತ. ಆಮೇಲೆ ಸರ್ಜಾನನ್ನು ಮರಿಯಿದ್ದಾಗ ಮಾರಿದವನ ಸತ್ಕಾರ. ಸರ್ಜಾನಿಗೆ ಮದ್ದು ಹಾಕಿದ ಡಾಕ್ಟರ ಸತ್ಕಾರ. ಪಾಹುಣೇರ, ಅಂದರೆ ಕರೆಸಿದ ನೆಂಟರಿಷ್ಟರ ಸತ್ಕಾರ, ಅವರಲ್ಲಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದ ಉಸ್ಮಾನನೂ ಒಬ್ಬ. ಅಮಸಿದ್ದನ ಮನೆಯ ಮೂರು ಮದುವೆ ಬಾರಿಸಿದ ಋಣಕ್ಕೆ ಅವನನ್ನು ಊಟಕ್ಕೆ ಕರೆದಿದ್ದರು. ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ಅವನು ಜಮೀರನನ್ನು, ಅವನ ಹಿಂದೆ ಸಾಲಾಗಿ ನಿಂತ ಆರು ಜನರನ್ನು ನೋಡಿದ.

"ಸೋಲೋ ಭಾಳ ಮಂದಿ ಆತಲ್ಲೋ," ಎಂದ.

ಏಳು ಜನರ ಸತ್ಕಾರ ಆದ ಮೇಲೆ ಮಹಾಂತನಿಗೆ ಗಿಟಾರೂ ಕಲಾವಿದನೇ ಎನ್ನಿಸಿ, ಅದಕ್ಕೊಂದು ಚೆಂಡುಹೂವಿನ ಹಾರ ಹಾಕಿಸಿದ. ಜಮೀರ ಫೋಟೋಕ್ಕೆ ನಿಂತಿದ್ದಾಗ ಸರ್ಜಾ ಹಿಂದಿನಿಂದ ಬಂದು ಹಾರಕ್ಕೆ ಬಾಯಿ ಹಾಕಿತು. ಹೂವು ಬಂತು, ದಾರ ಬಂತು, ದಾರಕ್ಕೆ ಸಿಕ್ಕಿಕೊಂಡ ತಂತಿಯೂ ಟಣ್ಣೆಂದು ಬಂತು.

"ಅವನ ಹುಟ್ಟಿದ ದಿನ. ಸಿಟ್ಟಾಗಬಾರದು," ಎಂದ ಅಮಸಿದ್ದ.

ಜಮೀರ ಸಿಟ್ಟಾಗಲಿಲ್ಲ. ಅವನಿಗೆ ಅದಕ್ಕೆ ವೇಳೆ ಇರಲಿಲ್ಲ. ಐದು ತಂತಿಗಳಲ್ಲೂ ಫಂಕ್ ಬಾರಿಸಬಹುದು. ಆರು ಜನರನ್ನು ವೇದಿಕೆಯ ಪಕ್ಕಕ್ಕೆ ಕರೆದು ಕೈಮುಗಿದ.

"ಮೂರು ಮಿನಿಟ. ಬರೇ ಮೂರು ಮಿನಿಟ ನೀವೆಲ್ಲ ಕೆಳಗ ಇರ್ರಿ. ನನ್ನ ಇಡೀ ಜಲ್ಮ ಅದರಾಗ ಅದ. ಆಮ್ಯಾಲ ಹೊತ್ತು ಮುಣಗೂತನಾ ಬಾರಸ್ರಿ."

"ಸುಮ್ನ ಕುಂದರಸಾಕ ಟೊಪ್ಪಿಗಿ ಯಾಕ ಹಾಕ್ಯಾರ?" ಎಂದ ಅಡಿಗೆಯವನು.

"ಹೋಗಲಿ ಬಿಡ್ರೋ, ಪಾಪ," ಎಂದಳು ದುಂಡವ್ವ. "ಮೂರು ಮಿನಿಟ ಅಂದ್ರ ಎಷ್ಟು, ಒಂದ ಎಲಿ ಹಾಕೊಳ್ಳೂದು."

ಮೂರು ನಲವತ್ತಕ್ಕೆ ಜಮೀರ ವೇದಿಕೆಯ ಮೇಲೆ ಒಬ್ಬನೇ ನಿಂತ. ಎದುರಿಗೆ ಇನ್ನೂರು ಜನ. ನಾಹಿದ ಮೊಬೈಲು ಎತ್ತಿ ಹಿಡಿದಳು. ಹಾಡು ಅವನದೇ: ಊರಿಗೆ ದಾರಿ ಒಡೆಯುವ ಫಾಟಾದಲ್ಲಿ ನಿಲ್ಲದೆ ಹೋಗುವ ಸರಕಾರಿ ಎಸ್‌ಟಿ ಬಸ್ಸಿನ ಮೇಲೆ ಬರೆದದ್ದು. ಅವನು ಗಿಟಾರಿಗೆ ಒಂದು ಪೆಟ್ಟು ಹಾಕಿ ಹಾಡಿದ.

"ಬಸ್ಸು ಬಂತ..."

ಮತ್ತು ಖಾಲಿ ಬಿಟ್ಟ. ಎರಡು ಮಾತ್ರೆ ಖಾಲಿ. ಇದೇ ಅವನು ನಾಲ್ಕು ವರ್ಷ ಕನಸು ಕಂಡ ಜಾಗ.

ಇನ್ನೂರು ಜನ ಅವನನ್ನು ಕರುಣೆಯಿಂದ ನೋಡಿದರು. ಮುಂದಿನ ಸಾಲಿನಲ್ಲಿ ಯಾರೋ "ಹಾಡು ಮರತಾನ" ಎಂದರು. ಮಹಾಂತ ಎರಡನೆಯ ಮೈಕಿನಲ್ಲಿ, "ಕರೆಂಟ ಹೋಗ್ಯದೇನ ನೋಡ್ರಿ," ಎಂದ.

ಜಮೀರ ಹಲ್ಲು ಕಚ್ಚಿ ಮತ್ತೆ ಪೆಟ್ಟು ಹಾಕಿದ. "ಬಸ್ಸು ಬಂತ..."

ಈ ಸಲದ ಖಾಲಿಯಲ್ಲಿ ಕೆಳಗಿನಿಂದ ಡೊಳ್ಳು ಧಡ್ ಧಡ್ ಎಂದಿತು. ಡೊಳ್ಳಿನ ಅಣ್ಣನಿಗೆ ತಡೆಯಲಾಗಲಿಲ್ಲ. ಟೊಪ್ಪಿಗೆ ಹಾಕಿಸಿಕೊಂಡು ಕೂತಿದ್ದೇನೆ, ಹುಡುಗ ಎದುರಿಗೆ ಮುಳುಗುತ್ತಿದ್ದಾನೆ, ಕೈ ಕೊಡದಿದ್ದರೆ ಬೀರಪ್ಪನಿಗೆ ಏನು ಹೇಳುವುದು. ತಮ್ಮನಿಗೂ ಹಾಗೆಯೇ ಅನ್ನಿಸಿತು. ಮೂರನೆಯ ಖಾಲಿಗೆ ಘಮೇಲಿ, ನಾಲ್ಕನೆಯದಕ್ಕೆ ತಾಳ. ಐದನೆಯ ಖಾಲಿಯಲ್ಲಿ ದುಂಡವ್ವ ವೇದಿಕೆ ಹತ್ತಿ, ಬೆಟ್ಟದಾಚೆಯ ಕುರಿಯನ್ನು ಕರೆಯುವ ದನಿಯಲ್ಲಿ, "ನಿಂದರಲಿಲ್ಲೋ" ಎಂದು ಕೂಗು ಹಾಕಿದಳು. ಅದು ಹಾಡಿನಲ್ಲಿ ಇರಲೇ ಇಲ್ಲ. ಅವಳ ಹಿಂದೆ ಉಳಿದ ಐವರೂ ವೇದಿಕೆ ಹತ್ತಿದರು.

ಇನ್ನೂರು ಜನ ಎದ್ದು ನಿಂತರು.

"ಭಾಯ್," ಎಂದು ನಾಹಿದ ಕೆಳಗಿನಿಂದ ಕೂಗಿದಳು, "ಎಷ್ಟು ಮಂದಿ ಕಾಣಬೇಕು?"

"ಒಬ್ಬ."

"ಏಳಾಗ್ಯಾರ."

ನಿಜ ಹೇಳಬೇಕೆಂದರೆ ಎರಡು ಮೂರು ನಿಮಿಷ ಜಮೀರನಿಗೆ ಪುಣೆ ಮರೆತಿತ್ತು. ಡೊಳ್ಳು ಮೊದಲ ಪೆಟ್ಟಿನ ಮೇಲೆಯೇ ಬೀಳುತ್ತಿತ್ತು, ಯಾರೂ ಹೇಳಿಕೊಡದೆ. ಅಸ್ಲಮನ ಸಿಳ್ಳೆ ಸರಿಯಾದ ಜಾಗದಲ್ಲಿ ಸೀಳುತ್ತಿತ್ತು. ಹಾಸ್ಟೆಲಿನ ಮಂಚದ ಮೇಲೆ ಕೇಳಿದ್ದು ಇದೇ. ಅವನು ಕಣ್ಣು ಮುಚ್ಚಿ ಬಾರಿಸಿದ, ಜೋರಾಗಿ ಬಾರಿಸಿದ, ಎರಡನೆಯ ತಂತಿ ಹರಿಯಿತು. ಕೈ ನಿಲ್ಲಿಸಿದ.

ಹಾಡು ನಿಲ್ಲಲಿಲ್ಲ. ಯಾರಿಗೂ ಗಿಟಾರು ನಿಂತದ್ದು ಗೊತ್ತಾಗಲಿಲ್ಲ. ದುಂಡವ್ವ ಬಸ್ಸನ್ನು ಉಟಗಿಯಿಂದ ವಿಜಾಪುರದವರೆಗೆ ಒಯ್ದು, ನಡುವಿನ ಎಲ್ಲ ಊರುಗಳಲ್ಲಿ ನಿಲ್ಲದೆ ಹೋಗಿಸಿ, ಆಯಾ ಊರಿನ ಕಂಡಕ್ಟರನಿಗೆ ಬೈದು ವಾಪಸು ತಂದಳು. ಇಪ್ಪತ್ತೆರಡು ನಿಮಿಷ. ಜಮೀರ ಕೊನೆಯಲ್ಲಿ ಟಾವೆಲಿನಿಂದ ಬೆವರು ಒರೆಸಿಕೊಂಡ. ಅಷ್ಟೇ ಅವನ ಪಾಲಿನ ಸಂಗೀತ.

ಹಾಡು ಮುಗಿದಾಗ ನಾಲ್ಕು ದಾಟಿತ್ತು. ಕರಜಗಿಯ ಶ್ರೀಶೈಲಪ್ಪ, ದಪ್ಪ ಮೀಸೆಯ ಪಾಹುಣೆ, ಕೈಯಲ್ಲಿ ತೆಂಗಿನಕಾಯಿ ಮತ್ತು ಎಲೆಯಡಿಕೆ ಹಿಡಿದು ವೇದಿಕೆ ಹತ್ತಿದ. ಹಾಡುವವರ ಕೈಗೆ ಕಾಯಿ ಅಡಿಕೆ ಕೊಟ್ಟರೆ ಕಾರ್ಯಕ್ರಮ ಪಕ್ಕಾ ಆದ ಹಾಗೆ. ಮುಂದಿನ ತಿಂಗಳು ಅವನ ಮಗಳು ಕಾಜಲಳ ಮದುವೆ. ಜಮೀರ ಎರಡೂ ಕೈ ಚಾಚಿದ. ಶ್ರೀಶೈಲಪ್ಪ ಅವನನ್ನು ಬಳಸಿಕೊಂಡು ಹೋಗಿ ಕಾಯಿಯನ್ನು ದುಂಡವ್ವನ ಸೆರಗಿಗೆ ಹಾಕಿದ.

"ನೀವು ಆರೂ ಮಂದಿ ಬರಬೇಕ್ರಿ."

"ನಾವು ಏಳು ಮಂದ್ರಿ," ಎಂದ ಜಮೀರ. ಬಾಯಿಂದ ಹೊರಬಿದ್ದ ಮೇಲೆ ಅವನಿಗೇ ನಾಚಿಕೆಯಾಯಿತು.

ಶ್ರೀಶೈಲಪ್ಪ ಸಭ್ಯ ಮನುಷ್ಯ. ಜಮೀರನ ಹೆಗಲ ಮೇಲೆ ಕೈ ಇಟ್ಟ. "ನೀವು ಚಲೋ ಅದೀರಿ. ಆದ್ರ ನಡುನಡುವ ನಿಂದ್ರತೀರಿ. ಮೆರವಣಿಗ್ಯಾಗ ಹಂಗ ನಿಂತ್ರ ಬೀಗರು ಏನೋ ತಕರಾರ ಅದ ಅಂತ ತಿಳೀತಾರ."

ಜಮೀರ ದುಂಡವ್ವನ ಕಡೆ ತಿರುಗಿದ. ಮುದುಕಿ ಕಾಯಿಯನ್ನು ಎರಡು ಸಲ ಅಲ್ಲಾಡಿಸಿ, ನೀರು ಇದೆಯೋ ಎಂದು ನೋಡಿ, ಸೆರಗಿನಲ್ಲಿ ಗಂಟು ಹಾಕಿದಳು.

"ನಾ ಏನ ಮಾಡಲಿ, ತಮ್ಮಾ? ಮುಂಜಾನಿಂದ ಒಬ್ಬನ ಇರತೀನಿ, ಒಬ್ಬನ ಇರತೀನಿ ಅನ್ಲಾಕತ್ತಿ. ನಿನ್ನ ಮಾತು ಮುರದು ನಾವ್ಯಾಕ ಪಾಪ ಕಟಗೋಬೇಕು?"

ಉಳಿದ ಐವರು ಹೌದೆಂದು ತಲೆಯಾಡಿಸಿದರು. ಅಡಿಗೆಯವನಂತೂ, ಹಾಗೆ ನೋಡಿದರೆ ಮೊದಲು ಪಾರ್ಟಿ ಬಿಟ್ಟವರು ನಾವಲ್ಲ ಎಂದ. ಮೂರು ತಾಸಿನ ಹಿಂದೆ ಹುಟ್ಟಿದ ಪಾರ್ಟಿಯೊಂದು ತನ್ನ ಗಾಯಕನನ್ನು ಹೀಗೆ ಬಿಟ್ಟು ಸೋಲೋ ಆಯಿತು.

"ಆಗಲಿ," ಎಂದ ಜಮೀರ. ನಾಲ್ಕು ಇಪ್ಪತ್ತೈದು. ಆರು ಜನ ಹೋದರೆ ಒಳ್ಳೆಯದೇ. ವೇದಿಕೆ ಖಾಲಿ, ಗಿಟಾರಿಗೆ ಇನ್ನೂ ನಾಲ್ಕು ತಂತಿ, ಎದುರಿಗೆ ಇನ್ನೂರು ಜನ. ಮೂರು ನಿಮಿಷ ಹಾಡಲು, ಐದು ನಿಮಿಷ ಮೊಬೈಲಿಗೆ ರೇಂಜು ಸಿಗುವ ನೀರಿನ ಟಾಕಿಯ ಕಡೆ ಓಡಲು. ಅವನು ನಾಹಿದಳಿಗೆ ಸನ್ನೆ ಮಾಡಿ ತಂತಿ ಬಿಗಿ ಮಾಡಿದ. ಮೊದಲ ಪೆಟ್ಟಿಗೆ ಕೈ ಎತ್ತಿದ.

"ಎಲ್ಲಾರೂ ಕೇಳ್ರಿ," ಎಂದು ಮಹಾಂತನ ಮೈಕು ಗುಡುಗಿತು. "ಈಗ ಸರ್ಜಾನ ಮೆರವಣಿಗಿ ಊರಾಗಿಂದ ಹೊಂಡತದ. ಮುಂದ ನಮ್ಮ ಉಟಗಿಯ ಹೊಸಾ ಪಾರ್ಟಿ. ಎಲ್ಲಾರೂ ಬರ್ರಿ, ಯಾರೂ ಹಿಂದ ಉಳೀಬ್ಯಾಡ್ರಿ."

ಯಾರೂ ಹಿಂದೆ ಉಳಿಯಲಿಲ್ಲ. ಡೊಳ್ಳು ಗೇಟು ದಾಟಿತು, ಸಿಳ್ಳೆ ದಾಟಿತು, ಇನ್ನೂರು ಜನ ಕುರ್ಚಿ ಕೆಡವಿಕೊಂಡು ದಾಟಿದರು. ಕೊನೆಗೆ ನಲವತ್ತು ಪ್ಲಾಸ್ಟಿಕ್ಕು ತಟ್ಟೆ, ಅರ್ಧ ಕೇಕು ಉಳಿದವು.

"ಭಾಯ್, ಈಗ ಖರೇನ ಒಬ್ಬನ ಅದಿ," ಎಂದಳು ನಾಹಿದ. "ತಗೀಲೇನ?"

"ಮಂದಿ ಬೇಕಲಾ, ಹುಚ್ಚಿ."

"ನಾ ಮಂದಿ ಅಲ್ಲೇನ?"

"ನೀ ಮೊಬೈಲ ಹಿಡದಿ."

ಜಮೀರ ಗಿಟಾರು ಬೆನ್ನಿಗೆ ಹಾಕಿಕೊಂಡು ಮೆರವಣಿಗೆಯ ಹಿಂದೆ ಓಡಿದ. ಗೇಟಿನಲ್ಲಿ ಉಸ್ಮಾನ ಚಪ್ಪಲಿ ಹುಡುಕುತ್ತಿದ್ದ. ಜಮೀರ ನಿಂತ. ಕೇಳಬಾರದು ಎಂದುಕೊಂಡದ್ದನ್ನು ಕೇಳಿದ.

"ಮಾಮು, ನನ್ನ ಜಾಗಾದಾಗ ಯಾರನ್ನರೆ ತೊಗೊಂಡ್ರೇನ?"

"ಇಲ್ಲಲೇ."

ಜಮೀರನ ಉಸಿರು ಸ್ವಲ್ಪ ಹಗುರಾಯಿತು.

"ಜಾಗಾನ ತಗದೀನಿ," ಎಂದ ಉಸ್ಮಾನ, ಚಪ್ಪಲಿಗೆ ಕಾಲು ತೂರಿಸುತ್ತ. "ಏಳು ಮಂದಿ ಆದ್ರ ಒಂದ ಗಾಡ್ಯಾಗ ಹಿಡೀತೀವಿ. ಎಂಟನೇದವ ಭಾಳ ತ್ರಾಸ ಆಗತಿದ್ದ."

ಊರ ಚಾವಡಿಯ ಹತ್ತಿರ ಮೆರವಣಿಗೆ ಸಿಕ್ಕಿತು. ಜಮೀರ ಜನರ ಮುಂದೆ ಹೋಗಿ ನಿಂತು ಹಾಡಬೇಕೆಂದು ನುಗ್ಗಿದ. ಜನ ಕುಣಿಯುತ್ತ ಅವನನ್ನು ಹಿಂದಕ್ಕೆ ತಳ್ಳಿದರು. ಮತ್ತೆ ನುಗ್ಗಿದ, ಮತ್ತೆ ಹಿಂದಕ್ಕೆ ಬಂದ. ಮೂರನೆಯ ಸಲ ಅಮಸಿದ್ದನ ಎದೆಗೆ ಡಿಕ್ಕಿ ಹೊಡೆದ. ಅಮಸಿದ್ದನಿಗೆ ಅವ್ವನ ಜೊತೆ ಕುಣಿಯುವ ಆಸೆ, ಕೈಯಲ್ಲಿ ಸರ್ಜಾನ ಹಗ್ಗ.

"ಚಲೋ ಆತು ಬಂದಿ. ನೀ ಖಾಲಿನ ಅದಿ ಹೌದಲ್ಲೋ? ಒಂದೀಟು ಇದನ್ನ ಹಿಡಿ."

ಹಗ್ಗ ಕೈಗೆ ಬಂತು. ಸರ್ಜಾ ಜಮೀರನ ಟಾವೆಲನ್ನು ಮೂಸಿ ನೋಡಿ, ತಿನ್ನುವಂಥದ್ದಲ್ಲ ಎಂದು ತಿಳಿದು, ಮುಂದೆ ನಡೆಯಿತು. ಅದು ಎಳೆದ ಕಡೆ ಅವನು ಹೋದ. ನಾಹಿದ ಪಕ್ಕದಲ್ಲಿ ನಡೆಯುತ್ತ ಆಗಾಗ ಗಡಿಯಾರ ನೋಡಿ ವೇಳೆ ಹೇಳುತ್ತಿದ್ದಳು. ನಾಲ್ಕು ಐವತ್ತೈದಕ್ಕೆ ಹೇಳುವುದನ್ನು ಬಿಟ್ಟಳು. ಮುಂದೆ ದುಂಡವ್ವ ಬಸ್ಸನ್ನು ಎರಡನೆಯ ಸಲ ವಿಜಾಪುರಕ್ಕೆ ಹೊರಡಿಸಿದ್ದಳು. ಮೆರವಣಿಗೆ ನೀರಿನ ಟಾಕಿ ದಾಟುವಾಗ ರೇಂಜು ಸಿಕ್ಕಿ ಮೊಬೈಲು ಟಿಣ್ ಎಂದಿತು. ಅರ್ಜಿಯ ಅವಧಿ ಮುಗಿದಿದೆ ಎಂದು ಪುಣೆಯವರು ಮರಾಠಿಯಲ್ಲಿ ತಿಳಿಸಿದ್ದರು.

ಆ ಭಾನುವಾರ ಜಮೀರ ಕಳೆದುಕೊಂಡದ್ದು ಎರಡು ತಂತಿ, ಎರಡು ಪಾರ್ಟಿ, ಒಂದು ಪುಣೆ.